ಹನ್ನೊಂದು ಹೆಜ್ಜೆಯ ಬ್ಯಾಗ್‌ಪೈಪು

ಒಬ್ಬೊಬ್ಬರಿಗೆ ಒಂದೊಂದು ಚಟ. ಕೆಲವರಿಗೆ ಕಾಲು ಅಲ್ಲಾಡಿಸದೆ ಪೇಪರ್ ಓದಲು ಬರುವುದಿಲ್ಲ. ನಮ್ಮ ಮಾವನವರಿಗೆ ನಶ್ಯ ಏರಿಸದೆ ಜಗಳವಾಡಲು ಬರುತ್ತಿರಲಿಲ್ಲ; ಡಬ್ಬಿ ಖಾಲಿಯಾದ ದಿನ ಮನೆಯಲ್ಲಿ ಶಾಂತಿ. ನನ್ನದು ಇನ್ನೂ ವಿಚಿತ್ರ. ನಡೆಯದೆ ನನಗೆ ಬ್ಯಾಗ್‌ಪೈಪು ಊದಲು ಬರುವುದಿಲ್ಲ. ಇಪ್ಪತ್ತೆರಡು ವರ್ಷ ಪರೇಡಿನ ಬ್ಯಾಂಡಿನಲ್ಲಿ ಎಡಗಾಲು ಮುಂದಿಟ್ಟೇ ಊದಿದವನು ನಾನು. ಒಂದೇ ಕಡೆ ನಿಂತರೆ ಎರಡನೇ ಸಾಲಿಗೇ ಎಲ್ಲ ಮರೆತುಹೋಗುತ್ತದೆ. ಇವರ ಸಂಗೀತವೆಲ್ಲ ಮೊಣಕಾಲಲ್ಲಿದೆ ಎಂಬುದು ಹೆಂಡತಿ ಸರೋಜಾಳ ತೀರ್ಮಾನ.

ಬ್ಯಾಂಡಿನಲ್ಲಿ ನನ್ನ ಎಡಕ್ಕೆ ಬಷೀರ್ ಭಾಯ್. ಬೆಳಿಗ್ಗೆ ಅವರು ಆರ್.ಟಿ. ನಗರದಿಂದ, ನಾನು ಕೊಡಿಗೇಹಳ್ಳಿಯಿಂದ ಸೈಕಲ್ ತುಳಿದು ಹೆಬ್ಬಾಳದಲ್ಲಿ ಸೇರುತ್ತಿದ್ದೆವು. ಆಗ ಅಲ್ಲಿ ಫ್ಲೈಓವರ್ ಇರಲಿಲ್ಲ, ಒಂದು ಟೀ ಗಾಡಿ ಇತ್ತು. ಆ ಟೀ ನೆನೆದರೆ ಈಗಲೂ ಬಾಯಲ್ಲಿ ಶುಂಠಿ ಬರುತ್ತದೆ. ನನ್ನ ಹೆಗಲ ಮೇಲಿನ ಕೊಳವೆಗಳನ್ನು ತಿರುಗಿಸಿ ಶ್ರುತಿ ಕೂಡಿಸಿಕೊಡುತ್ತಿದ್ದವರೂ ಅವರೇ. ನಮ್ಮಿಬ್ಬರಿಗೆ ಇದ್ದದ್ದು ಒಂದೇ ಜಗಳ. ಮೈದಾನದ ಕೊನೆಯಲ್ಲಿ ತಿರುಗುವಾಗ ಭುಜಕ್ಕೆ ಭುಜ ತಾಗುತ್ತಿತ್ತು. “ನೀವು ಬೇಗ ತಿರುಗ್ತೀರಾ ಭಾಯ್” ಎಂದು ನಾನು. “ನೀನ್ ಲೇಟು ಕಣಪ್ಪ” ಎಂದು ಅವರು. ಇಬ್ಬರೂ ನಿವೃತ್ತರಾದರೂ ಅದು ಇತ್ಯರ್ಥವಾಗಲಿಲ್ಲ.

ನನ್ನ ಕೈಗೆ ಸ್ಮಾರ್ಟ್‌ಫೋನ್ ಬರುವ ಹೊತ್ತಿಗೆ ಬಷೀರ್ ಭಾಯಿಗೆ ಉಸಿರಿನ ಕಾಯಿಲೆ. ಊದುವುದಿರಲಿ, ಮೆಟ್ಟಿಲಿಳಿಯುವುದೂ ಕಷ್ಟ. ಜಾನಪದ ವಾದ್ಯದವರ ವಾಟ್ಸಾಪ್ ಗುಂಪಿಗೆ ನನ್ನನ್ನು ಸೇರಿಸಿದ್ದು ಅವರೇ. ತಮಟೆ, ಮುಖವೀಣೆ, ಕೊಂಬಿನವರೆಲ್ಲ ಅಲ್ಲಿದ್ದರು. “ನಮ್ ಕೊನೇ ಪರೇಡ್ ಟ್ಯೂನ್ ಹಾಕು ನಂಜಪ್ಪ. ಊದಕ್ಕಂತೂ ಆಗಲ್ಲ, ಕೇಳಕ್ಕಾದ್ರೂ ಆಗುತ್ತಲ್ವಾ?” ಎಂದು ಫೋನಿನಲ್ಲಿ ನಕ್ಕರು. ನಗುವಿನ ಬೆನ್ನಿಗೇ ಕೆಮ್ಮು ಬಂತು. ನನಗೆ ಸಂಕಟವಾಯಿತು. ಅವರು ಮೆಚ್ಚುವ ಹಾಗೆ ಊದಲೇಬೇಕು ಅನ್ನಿಸಿತು.

ಭಾನುವಾರ ಬೆಳಿಗ್ಗೆ ತಾರಸಿಗೆ ಹೋದೆ. ಆ ತುದಿಯಲ್ಲಿ ಸರೋಜಾ ಸಂಡಿಗೆ ಒಣಹಾಕಿದ್ದಳು. “ಒಂದ್ ಸಂಡಿಗೆ ತುಳಿದ್ರೂ ನಿಮ್ಮನ್ನೂ ನಿಮ್ ಪೀಪೀನೂ ಕೆಳಗೆ ತಳ್ತೀನಿ ಕಣ್ರೀ” ಎಂದು ಎಚ್ಚರಿಸಿಯೇ ಇಳಿದಳು. ಫೋನನ್ನು ನೀರಿನ ಟ್ಯಾಂಕಿಗೆ ಒರಗಿಸಿ, ಚೀಲ ಉಬ್ಬಿಸಿ, ಅಲ್ಲಿಂದ ಸಂಡಿಗೆಯವರೆಗೆ ಹೋಗುತ್ತ ಬರುತ್ತ ಊದಿದೆ. ಖುಷಿಯಲ್ಲಿ ಒಮ್ಮೆಯೂ ಕೇಳಿ ನೋಡದೆ ಗುಂಪಿಗೆ ಕಳಿಸಿಬಿಟ್ಟೆ.

“ಅಣ್ಣ, ನೆಟ್‌ವರ್ಕ್ ಸರಿ ಇಲ್ಲ. ಸೌಂಡು ಬರ್ತೈತೆ, ಓಯ್ತೈತೆ” ಎಂದರು ತಮಟೆಯ ಮುನಿರಾಜು. ಫೋನಿಗೆ ನೀರು ಹೋಗಿರಬೇಕು, ಅಕ್ಕಿ ಡಬ್ಬದಲ್ಲಿಡಿ ಎಂದು ಮುಖವೀಣೆಯವರು ಬರೆದರು. ಹಿರಿಯರ ಮಾತೆಂದು ಅಕ್ಕಿಯಲ್ಲೂ ಹೂತೆ. ಕೈ ಅಕ್ಕಿಯಲ್ಲಿರುವಾಗಲೇ ಹೊಳೆಯಿತು: ಫೋನು ಟ್ಯಾಂಕಿನ ಹತ್ತಿರವೇ ನಿಂತಿತ್ತು, ನಡೆದವನು ನಾನು! ಇಷ್ಟು ವರ್ಷದ ವಿದ್ಯೆ ಜನರ ಮುಂದೆ ಹೀಗಾಯಿತಲ್ಲ ಎಂದು ನಾಚಿಕೆಯಾಯಿತು. ಬಷೀರ್ ಭಾಯ್ ಕೇಳುವ ಮೊದಲೇ ಅಳಿಸೋಣವೆಂದರೆ ಅಕ್ಕಿಯೊಳಗಿಂದಲೇ ಟಿಣ್ ಎಂದಿತು. ಹೊರತೆಗೆದು ಒತ್ತಿದರೆ ಅವರದೇ ಧ್ವನಿ.

“ಯಾರೋ ನೆಟ್‌ವರ್ಕ್ ಅಂದೋರು? ನೀನ್ ನಡೀತಾ ಇದ್ದೀಯ. ಹನ್ನೊಂದ್ ಹೆಜ್ಜೆ, ಟರ್ನು, ಹನ್ನೊಂದ್ ಹೆಜ್ಜೆ. ನಾನೂ ಮಂಚದ್ ಮೇಲೆ ಕೂತ್ಕೊಂಡೇ ನಿನ್ ಜೊತೆ ಕಾಲ್ ಹಾಕ್ದೆ.” ಒಮ್ಮೆ ಕೆಮ್ಮಿ ಮುಂದುವರಿಸಿದರು. “ಭಾಳ ಚೆನ್ನಾಗಿತ್ತಪ್ಪ. ಆದ್ರೆ ಟರ್ನಲ್ಲಿ ಈಗ್ಲೂ ಲೇಟೇ. ಪಕ್ಕದಲ್ಲಿ ನಾನಿಲ್ವಲ್ಲ, ಇನ್ ಯಾರ್ ಮೇಲ್ ತಪ್ಪು ಹಾಕ್ತೀಯ?”

ಕಣ್ಣು ಒರೆಸಿಕೊಂಡೆ. ಆದರೂ ಸೋಲೊಪ್ಪುವ ಜಾತಿ ನನ್ನದಲ್ಲ. ತಾರಸಿಗೆ ಹೋಗಿ ಟ್ಯಾಂಕಿನಿಂದ ಎಣಿಸುತ್ತ ನಡೆದೆ. ಸರಿಯಾಗಿ ಹನ್ನೊಂದಕ್ಕೆ ಸಂಡಿಗೆಯ ಅಂಚು. ಅದರಾಚೆ, ಹನ್ನೆರಡನೇ ಹೆಜ್ಜೆ ಬೀಳುವಲ್ಲಿ, ನಾಲ್ಕು ಸಂಡಿಗೆ ಚಪ್ಪಟೆಯಾಗಿ ನನ್ನ ಎಡ ಪಾದದ ಆಕಾರದಲ್ಲಿ ಒಣಗುತ್ತಿದ್ದವು. ಆ ನಾಲ್ಕನ್ನೂ ಎತ್ತಿ ಜೇಬಿಗೆ ಹಾಕಿಕೊಂಡು, ಬಷೀರ್ ಭಾಯಿಗೆ ಆಗಲೇ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಸರೋಜಾ ಮಾತ್ರ ಈಗಲೂ ಕಾಗೆಯನ್ನು ಬೈಯುತ್ತಿದ್ದಾಳೆ, ಬೈಯಲಿ ಬಿಡಿ.