ಸ್ವಲ್ಪ ಅಡ್ಜಸ್ಟ್ ಮಾಡ್ರಿ

ಮುಂಬಯಿಯಲ್ಲಿ 'ಅಡ್ಜಸ್ಟ್' ಎಂಬ ಮಾತು ಕಿವಿಗೆ ಬೀಳದೆ ಒಂದು ದಿನವೂ ಕಳೆಯುವುದಿಲ್ಲ. ಬಿಎಸ್ಸಿಯಲ್ಲಿ ನಾನು ಕಲಿತ ಅರ್ಥ ಒಂದೇ: ತಕ್ಕಡಿಯ ಮುಳ್ಳನ್ನು ಸೊನ್ನೆಗೆ ತರುವುದು. ಉಳಿದ ಅರ್ಥಗಳನ್ನು ಕಲಿಸಿದವನು ಕುರ್ಲಾದ ಚಾಳಿನಲ್ಲಿ ನನ್ನ ಜೊತೆಗಿದ್ದ ವಿಜಾಪುರದ ಗೆಳೆಯ. ಅವನು ಸೇಲ್ಸ್‌ಮನ್, ನಾನು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ಅದೇ ಮಾತು ಅವನ ಬಾಯಲ್ಲಿ ಕೆಲಸ ಮಾಡುತ್ತಿತ್ತು, ನನ್ನ ಬಾಯಲ್ಲಿ ಮಾಡುತ್ತಿರಲಿಲ್ಲ. ಹೊಟ್ಟೆಕಿಚ್ಚಿಗೆ ಅಷ್ಟು ಸಾಕು.

ಲೋಕಲ್

ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವನಿಗೆ ಒಂದಿಷ್ಟು ಜಾಗ ಬಿಡುವುದು ಲೋಕಲ್ ರೈಲಿನ ಪದ್ಧತಿ. ಗೆಳೆಯ "ಥೋಡಾ ಅಡ್ಜಸ್ಟ್, ದಾದಾ" ಎಂದ. ಮೂವರೂ ಸರಿದರು. ಮರುದಿನ ನಾನೂ ಹಾಗೇ ಹೇಳಿದೆ. ಕಿಟಕಿ ಪಕ್ಕದವನು ಎಲ್ಲಿ ಇಳಿಯುತ್ತೀ ಎಂದು ಮರಾಠಿಯಲ್ಲಿ ಕೇಳಿದ. ಬೈಕುಲ್ಲಾ ಎಂದೆ.

"ಹಾಗಾದರೆ ನಿಂತಿರು, ಬಂದೇಬಿಟ್ಟಿತು."

ಗಾಡಿ ಇನ್ನೂ ಕುರ್ಲಾ ಬಿಟ್ಟಿರಲಿಲ್ಲ.

ಹೋಟೆಲ್

ಉಡುಪಿ ಹೋಟೆಲಿನಲ್ಲಿ ಗೆಳೆಯ "ಸ್ವಲ್ಪ ಅಡ್ಜಸ್ಟ್ ಮಾಡಪ್ಪಾ" ಎಂದರೆ ಮಾಣಿ ಬಟ್ಟಲು ತುಂಬ ಸಾಂಬಾರು ತರುತ್ತಿದ್ದ. ನಾನು ಅಂದಾಗ "ಆಯ್ತು ಸಾರ್" ಎಂದು ನನ್ನ ಕುರ್ಚಿಯನ್ನು ಗೋಡೆಗೆ ಒತ್ತಿ, ಪಕ್ಕದಲ್ಲಿ ಇನ್ನೊಬ್ಬ ಗಿರಾಕಿಯನ್ನು ಕೂರಿಸಿದ.

ಹೆಣ್ಣು ನೋಡಿದ್ದು

ಗ್ರಾಂಟ್ ರೋಡಿನಲ್ಲಿದ್ದ ಧಾರವಾಡದವರ ಮನೆಗೆ ಹೆಣ್ಣು ನೋಡಲು ಹೋದೆ. ಅಪ್ಪ ಊರಲ್ಲಿದ್ದರು, ಹಿರಿಯರ ಸ್ಥಾನಕ್ಕೆ ಗೆಳೆಯನನ್ನು ಕರೆದೊಯ್ದೆ. ಅವಲಕ್ಕಿ ಮುಗಿಯುವುದರೊಳಗೆ ಅವನು ಹುಡುಗಿಯ ತಾಯಿಗೆ "ಅವ್ವಾರ" ಎನ್ನುತ್ತಿದ್ದ. ಹುಡುಗಿ ನನಗೆ ತುಂಬ ಹಿಡಿಸಿದ್ದಳು. ಮನೆಯವರಿಗೆ ಹಿಡಿಸಿದವನು ಅವನು.

ಒಂದೇ ಖೋಲಿಯ ಮನೆ. ಊರಿನ ನೆಂಟರ ಹಾಸಿಗೆಗಳನ್ನು ಗೋಡೆಗುಂಟ ಸುತ್ತಿಟ್ಟಿದ್ದರು. ಹುಡುಗಿಯೇ ಕೇಳಿದಳು: "ಊರ ಮಂದಿ ಬಂದ್ರ ಅಡ್ಜಸ್ಟ್ ಮಾಡ್ಕೋತೀರೇನ್ರಿ?"

"ಅದೇನ್ ದೊಡ್ಡ ಮಾತ್ರಿ! ನಮ್ಮ ಚಾಳಿನ ಗ್ಯಾಲರಿಯಾಗ ಆರಾಮ ಮಲಗ್ತಾರ," ಎಂದ ಗೆಳೆಯ.

"ಆಗೂದಿಲ್ರಿ, ನಮ್ಮ ಖೋಲಿ ಸಣ್ಣದೈತಿ," ಎಂದೆ ನಾನು. ಗೆಳೆಯ ನನ್ನ ಕಾಲು ತುಳಿದ.

ಮರುವಾರ ಒಪ್ಪಿಗೆ ಬಂತು. ಕಂಡವರ ಹಾಸಿಗೆ ಮಡಚಿ ಸಾಕಾಗಿದ್ದ ಅವಳು ತಂದೆಗೆ ಹೇಳಿದ್ದಳಂತೆ: "ಆಗೂದಿಲ್ಲ ಅನ್ನಾಂವ ಇವನೊಬ್ಬನ ಸಿಕ್ಕಾನ."

ಕೊನೆಗೂ ಗೆಳೆಯನ ಮುಂದೆ ಗೆದ್ದೆ ಎಂದುಕೊಂಡೆ.

ದೀಪಾವಳಿ

ಮದುವೆಗೆ ಮೊದಲು ನಮ್ಮ ಖೋಲಿ ಖಾಲಿಯಾಗಬೇಕಿತ್ತು. ಗೆಳೆಯ ನಗುತ್ತಲೇ ಟ್ರಂಕು ಎತ್ತಿಕೊಂಡು ಹೋದ. ಎಲ್ಲಿಗೆಂದು ನಾನು ಕೇಳಲಿಲ್ಲ.

ಮೊದಲ ದೀಪಾವಳಿ. ಅಳಿಯನ ಎಣ್ಣೆಸ್ನಾನಕ್ಕೆಂದು ಬೆಳಿಗ್ಗೆ ಹೆಂಡತಿಯೊಡನೆ ಮಾವನ ಮನೆಗೆ ಹೋದೆ. ಅಳಿಯನಿಗೆಂದು ಹಾಕಿದ ಮಣೆಯ ಮೇಲೆ, ತಲೆಗೆ ಟವೆಲು ಸುತ್ತಿಕೊಂಡು, ಗೆಳೆಯ ಕರ್ಚಿಕಾಯಿ ತಿನ್ನುತ್ತಿದ್ದ. ಮಗಳು ಹೋದಮೇಲೆ ಜಾಗ ಆಗಿತ್ತಂತೆ; ಮಾವ ಅವನನ್ನು ಇಟ್ಟುಕೊಂಡಿದ್ದರು.

"ಬಾರೋ, ಎಷ್ಟೊತ್ತಿಗೆ ಬರೋದು!" ಎಂದು ಅವನೇ ನನ್ನನ್ನು ಬರಮಾಡಿಕೊಂಡ.

ಬಚ್ಚಲಿನ ಕಡೆ ನಡೆದೆ. ಅತ್ತೆ ಬಾಗಿಲಿಗೆ ಅಡ್ಡ ಬಂದರು.

"ಬಿಸಿನೀರು ನಿಮ್ಮ ಗೆಳ್ಯಾರ ಮುಗಿಸ್ಯಾರ್ರಿ, ಅಳಿಯಂದ್ರ. ನಳಾನೂ ನಿಂತೈತಿ. ಒಂದ್ ತಂಬಿಗಿ ತಣ್ಣೀರೈತಿ... ಅಡ್ಜಸ್ಟ್ ಮಾಡ್ಕೋತೀರಲ್ಲ?"