ಏಳೂವರೆ ಬಸ್ಸಿನಲ್ಲಿ ಮೊಸಳೆ

"ಇವತ್ತು ಭಾನುವಾರ. ಪುಸ್ತಕ ಓದಿಲ್ಲ. ಭಾಷಣ ಹನ್ನೊಂದು ಗಂಟೆಗೆ. ದೇವರೇ, ಜ್ವರ ಬರಲಿ. ಹೆಚ್ಚೇನೂ ಬೇಡ, ನೂರಾ ಒಂದು ಸಾಕು."

ಬೆಳಗ್ಗೆ ಐದೂಕಾಲಿಗೆ ದಿನಚರಿಯಲ್ಲಿ ಇಷ್ಟು ಬರೆದು ಮಾನ್ಯಾ ಹಣೆ ಮುಟ್ಟಿ ನೋಡಿಕೊಂಡಳು. ಸೋಸಲೆ ಹೊಳೆದಂಡೆಯ ಕಲ್ಲಿನ ಹಾಗೆ ತಣ್ಣಗಿತ್ತು.

ಓದದೆ ಉಳಿದಿದ್ದ ಪುಸ್ತಕದ ಹೆಸರು 'ಏಳೂವರೆ ಬಸ್ಸು'. ಬರೆದವರು ನಾಗರತ್ನ ಮೇಡಂ. ಮೂವತ್ತು ವರ್ಷ ನಂಜನಗೂಡಿನಿಂದ ಏಳೂವರೆ ಬಸ್ಸು ಹತ್ತಿ, ತಿರುಮಕೂಡಲಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಸೋಸಲೆಗೆ ಬಂದು ಪಾಠ ಹೇಳಿದವರು. ಮಾನ್ಯಾ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಕೊನೆ ಬೆಂಚಿನಲ್ಲಿ ಕೂತು ಹಾಜರಿಗೂ ಬಾಯಿ ಬಿಡದೆ ಬರೀ ಕೈ ಎತ್ತುತ್ತಿದ್ದಳು. ಆಗ ಮೇಡಂ ಅವಳಿಗೆ ಒಂದು ನೋಟ್‌ಬುಕ್ ಕೊಟ್ಟು, "ಬಾಯಲ್ಲಿ ಬರ್ದೇ ಇದ್ರೆ ಕೈಯಲ್ಲಾದ್ರೂ ಬರ್ಲಿ, ಬರಿ" ಎಂದಿದ್ದರು. ಹಾಗೆ ಹಿಡಿದ ದಿನಚರಿ, ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತ ಈ ಹೊತ್ತಿಗೆ ಏಳನೇ ಪುಸ್ತಕಕ್ಕೆ ಬಂದಿತ್ತು.

ಎರಡು ತಿಂಗಳ ಹಿಂದೆ ಮೇಡಂ ತಾವೇ ಮನೆಗೆ ಬಂದು, ಬಿಡುಗಡೆಗೆ ಮುಂಚಿನ ಒಂದು ಪ್ರತಿ ಕೈಗಿಟ್ಟು ಹೇಳಿದ್ದರು: "ಓದಿ ನಿಂಗೆ ಅನ್ಸಿದ್ದನ್ನ ಬಿಡುಗಡೆ ದಿನ ಐದು ನಿಮಿಷ ಹೇಳು, ಸಾಕು. ಮಿಕ್ಕೋರೆಲ್ಲ ಹೇಗೂ ಹೊಗಳ್ತಾರೆ. ನಂಗೆ ಬೇಕಾಗಿರೋದು ನಿನ್ನ ಅಭಿಪ್ರಾಯ ಒಂದೇ."

ಅಭಿಪ್ರಾಯಕ್ಕೆ ಮಾನ್ಯಾಳಲ್ಲಿ ಬರವಿರಲಿಲ್ಲ. ತಿಂಗಳ ಕೊನೆಗೆ 'ಈಚೆಗೆ ಮೆಚ್ಚಿದ್ದು' ಅಂತ ತಲೆಬರಹ ಹಾಕಿ, ಓದಿದ ಪುಸ್ತಕ, ಮೊಬೈಲಿನಲ್ಲಿ ಆಡಿದ ಆಟ ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬರೆಯುತ್ತಿದ್ದಳು. "ಲೈಬ್ರರಿಯಿಂದ ತಂದ ಪತ್ತೇದಾರಿ: ಕೊಲೆಗಾರ ಮೂವತ್ತನೇ ಪುಟಕ್ಕೇ ಗೊತ್ತಾದ. ಆದರೂ ಅಡುಗೆಯವಳು ಚೆನ್ನಾಗಿದ್ದಾಳೆ, ಅವಳಿಗಾಗಿ ಪೂರ್ತಿ ಓದಿದೆ." "ಹೋಟೆಲ್ ನಡೆಸುವ ಆಟ: ಗಿರಾಕಿಗಳಿಗೆ ಎಷ್ಟು ಬಡಿಸಿದರೂ ಮುಖ ಊದಿಸುತ್ತಾರೆ. ಥೇಟ್ ನಮ್ಮ ಬೀದಿಯವರು."

'ಏಳೂವರೆ ಬಸ್ಸು' ಮಾತ್ರ ಹೊರಡಲೇ ಇಲ್ಲ. ಹದಿನಾಲ್ಕು ಪುಟದವರೆಗೆ ಮೇಡಂ ಮುತ್ತಜ್ಜನ ತಮ್ಮಂದಿರು, ಅವರ ಮಕ್ಕಳು, ಆ ಮಕ್ಕಳ ಉಪನಯನ. ಹದಿನಾಲ್ಕನೇ ಪುಟದಲ್ಲಿ ಯಾರೋ ಒಬ್ಬ ಅಜ್ಜಿಯ ಮದುವೆ ಶುರುವಾಯಿತು. ನಾಂದಿ ಮುಗಿಯುವುದರೊಳಗೆ ಮಾನ್ಯಾ ಫೋನಿನಲ್ಲಿ 'ಹರಿಗೋಲು' ಅನ್ನುವ ಆಟಕ್ಕೆ ಬಿದ್ದಿದ್ದಳು.

ಆಟ ಸರಳ. ಒಬ್ಬ ಹುಡುಗಿ ಹರಿಗೋಲಿನಲ್ಲಿ ಹೊಳೆ ದಾಟಬೇಕು. ಸುಳಿ, ಬಂಡೆ, ನಲವತ್ತೊಂದನೇ ಘಟ್ಟದಲ್ಲಿ ಮೊಸಳೆ. ಮುಳುಗಿದರೆ ಮತ್ತೆ ಅದೇ ದಡ. ದಿನಕ್ಕೆ ಐದು ಜೀವ, ಹೆಚ್ಚು ಬೇಕಾದರೆ ಇನ್ನೊಬ್ಬ ಆಟಗಾರ ಕಳಿಸಬೇಕು. ಮಾನ್ಯಾಳಿಗೆ ದಿನಾ ಬೆಳಗ್ಗೆ ಐದಕ್ಕೆ ಸರಿಯಾಗಿ ಎರಡು ಜೀವ ಕಳಿಸುತ್ತಿದ್ದುದು 'ರಸಬಾಳೆ' ಅನ್ನುವ ಹೆಸರಿನ ಯಾರೋ. ಆಟದ ಮೂಲೆಯಲ್ಲಿ ಮಾತಾಡಲು ಒಂದಿಷ್ಟು ಜಾಗವಿತ್ತು. ಕಂಡಕ್ಟರನ ಹತ್ತಿರ ಸ್ಟಾಪ್ ಕೇಳಲು ಹೆದರಿ ಮುಂದಿನ ಸ್ಟಾಪಿನಲ್ಲಿ ಇಳಿಯುವ ಹುಡುಗಿ, ರಸಬಾಳೆಯ ಜೊತೆ ಮಾತ್ರ ಜಲಪಾತದ ಹಾಗೆ ಮಾತಾಡುತ್ತಿದ್ದಳು. ಹೆಸರೇ ಹೇಳುವಂತೆ ನಂಜನಗೂಡಿನವನು, ಸಣ್ಣಗಿದ್ದಾನೆ, ಕನ್ನಡಕ ಹಾಕುತ್ತಾನೆ, ಹೆಚ್ಚು ಮಾತಿಲ್ಲ ಎಂದು ದಿನಚರಿ ತಾನಾಗಿಯೇ ತೀರ್ಮಾನಿಸಿತ್ತು.

ಇವತ್ತು ಬೆಳಗ್ಗೆಯೂ ಅವನಿಗೇ ಬರೆದಿದ್ದಳು: "ಇವತ್ತು ನಿಮ್ಮೂರಲ್ಲಿ ಒಂದು ಪುಸ್ತಕದ ಮೇಲೆ ಭಾಷಣ ಮಾಡ್ಬೇಕು. ಹದಿನಾಲ್ಕನೇ ಪುಟಕ್ಕೇ ನಿದ್ದೆ ಬಂತು. ಏನ್ ಹೇಳ್ಲಿ?"

ತಕ್ಷಣ ಉತ್ತರಿಸುವ ರಸಬಾಳೆ ಹತ್ತು ನಿಮಿಷ ಸುಮ್ಮನಿದ್ದು, ಆಮೇಲೆ ಬರೆದಿತ್ತು: "ಓದಿದ್ದಷ್ಟೇ ಹೇಳು."

ಅವತ್ತು ಜೀವ ಬರಲಿಲ್ಲ.

'ಹೇಳೋದು ಸುಲಭ, ಸ್ಟೇಜ್ ಹತ್ತೋನು ಅವನಾ?' ಅಂದುಕೊಂಡ ಮಾನ್ಯಾ, ಭಾಷಣಕ್ಕೆ ಇನ್ನೂ ಐದೂವರೆ ಗಂಟೆ ಹೊತ್ತಿದೆ, ಐವತ್ತು ಪುಟವಾದರೂ ಓದೋಣ ಎಂದು ಕಪಾಟಿಗೆ ಕೈ ಹಾಕಿದಳು. ಪುಸ್ತಕ ಇರಲಿಲ್ಲ.

"ಅದಾ? ಪಕ್ಕದ್ಮನೆ ವೆಂಕಟಲಕ್ಷ್ಮಿ ಕೇಳಿದ್ಲು, ಕೊಟ್ಟೆ" ಎಂದರು ಅಮ್ಮ. "ಪಾಪ, ಓದ್ಲಿ ಅಂತ."

ವೆಂಕಟಲಕ್ಷ್ಮಿ ಅವರಿದ್ದ ಮಠದ ಬೀದಿಗೆಲ್ಲ ಅತ್ತೆ. ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಅವರಿಗೆ ವಾಸನೆ ಬರುತ್ತಿತ್ತು. ಮಾನ್ಯಾ ಹೋಗಿ ಕೇಳಿದಾಗ ಒಂದು ಕ್ಷಣ ಯೋಚಿಸಿ, ಅಡುಗೆಮನೆಗೆ ಹೋಗಿ, ಗ್ರೈಂಡರಿನ ಒಂದು ಕಾಲು ಎತ್ತಿ, ಕೆಳಗಿನಿಂದ ಏನನ್ನೋ ಎಳೆದರು.

"ಅಲ್ಲಾಡ್ತಿತ್ತು ಕಣೇ. ಎಷ್ಟು ರಟ್ಟು ಇಟ್ರೂ ನಿಲ್ತಿರ್ಲಿಲ್ಲ. ನಿಮ್ಮ ಮೇಡಂ ಪುಸ್ತಕ ಇಟ್ಟೆ ನೋಡು, ಬಂಡೆ ಥರ ನಿಂತ್ಬಿಡ್ತು. ಭಾಳ ಚೆನ್ನಾಗಿ ಬರ್ದಿದಾರೆ."

ವಾರಗಟ್ಟಲೆ ದೋಸೆ ಹಿಟ್ಟು ಕುಡಿದ 'ಏಳೂವರೆ ಬಸ್ಸು' ಅಂಚು ಮುರುಟಿದ ರೊಟ್ಟಿಯ ಹಾಗೆ ಹೊರಗೆ ಬಂತು. ಮೊದಲ ಹದಿನಾಲ್ಕು ಪುಟ ಬಿಡಿಬಿಡಿಯಾಗಿದ್ದವು. ಅಲ್ಲಿಂದಾಚೆ ಎಲ್ಲ ಅಂಟಿ ಒಂದೇ ಹಲಗೆ.

"ಭಾಷಣಕ್ಕೆ ಒಬ್ಳೇ ಹೋಗ್ತೀಯಾ? ನಾನೂ ಬರ್ತೀನಿ ಇರು" ಎಂದು ಅತ್ತೆ ಸೀರೆ ಬದಲಿಸಲು ಒಳಗೆ ಹೋದರು. ಬೇಡ ಅನ್ನಲು ಮಾನ್ಯಾ ಬಾಯಿ ತೆರೆದಳು. ಬಾಯಿ ತೆರೆದದ್ದಷ್ಟೇ.

ತಿರುಮಕೂಡಲಿನಲ್ಲಿ ನಂಜನಗೂಡು ಬಸ್ಸಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮಾನ್ಯಾ ಜಡೆಯಿಂದ ಹೇರ್‌ಪಿನ್ ತೆಗೆದು ಹದಿನೈದನೇ ಪುಟವನ್ನು ಮೀಟತೊಡಗಿದಳು. ಹೊರಗೆ ಕಬ್ಬಿನ ಗದ್ದೆಗಳು ಓಡುತ್ತಿದ್ದವು, ಒಳಗೆ ಪುಟ ಜಗ್ಗುತ್ತಿರಲಿಲ್ಲ. ಎದುರು ಸೀಟಿನಲ್ಲಿ ತೊಡೆ ಮೇಲೆ ಬುಟ್ಟಿ ಇಟ್ಟುಕೊಂಡಿದ್ದ ಹಳ್ಳಿಯ ಹೆಂಗಸೊಬ್ಬಳು ಎರಡು ಸ್ಟಾಪ್ ನೋಡಿ, ತಡೆಯಲಾರದೆ ಕೇಳಿದಳು:

"ಏನವ್ವಾ, ಅದು ಅಪ್ಪಳವಾ?"

"ಪುಸ್ತಕ" ಎಂದಳು ಮಾನ್ಯಾ, ತನಗೇ ಕೇಳಿಸದಷ್ಟು ಮೆಲ್ಲಗೆ.

"ಬುಕ್ಕಾ? ಉದ್ದಿನ್ ಇಟ್ಟಿನ್ ವಾಸ್ನೆ ಒಡೀತದಲ್ಲಾ."

"ಇವ್ಳು ಭಾಷಣ ಮಾಡ್ತಾಳೆ ಕಣಮ್ಮ" ಎಂದರು ವೆಂಕಟಲಕ್ಷ್ಮಿ ಬಸ್ಸಿಗೆಲ್ಲ ಕೇಳುವಂತೆ. "ಆ ಬುಕ್ಕನ್ನ ಎರಡೆರಡು ಸಲ ಓದಿದಾಳೆ."

"ಅಂಗೇ ಕಾಣ್ತದೆ ಬುಡಿ" ಎಂದಳು ಹೆಂಗಸು, ಪುಸ್ತಕದ ಗತಿ ನೋಡಿ. "ಚೆಂದಾಗಿ ಅಗ್ದವಳೆ."

ಹೇರ್‌ಪಿನ್ ಮುರಿಯಿತು. ಪುಟ ಬಿಡಲಿಲ್ಲ.

ಸಭಾಭವನದಲ್ಲಾದರೂ ಹೊಸ ಪ್ರತಿ ಸಿಕ್ಕೀತು, ಒಂದು ಮೂಲೆಯಲ್ಲಿ ಕೂತು ತಿರುವಿಯೇನು ಎಂಬ ಕೊನೆಯ ಆಸೆಯಿತ್ತು. ಬಾಗಿಲಲ್ಲೇ ಪುಸ್ತಕಗಳ ಗುಡ್ಡೆ. ಆದರೆ ಒಂದೊಂದೂ ಮಿರುಗುವ ಕಾಗದ ಸುತ್ತಿಸಿಕೊಂಡು, ಕೆಂಪು ರಿಬ್ಬನ್ ಬಿಗಿಸಿಕೊಂಡು, ಧಾರೆಗೆ ಕಾದ ಮದುವಣಗಿತ್ತಿಯ ಹಾಗೆ ಕೂತಿತ್ತು. ಕಾವಲಿಗೆ ಕತ್ತರಿ ಹಿಡಿದು ನಿಂತವನು ಮೇಡಂ ತಂಗಿಯ ಮಗ ಕೃಷ್ಣಪ್ರಸಾದ್. ಸಣ್ಣಗಿದ್ದ. ಕನ್ನಡಕ ಹಾಕಿದ್ದ. ಮಾನ್ಯಾಳ ಎದೆ ಒಂದು ಬಡಿತ ತಪ್ಪಿ, ಆಮೇಲೆ ಎರಡು ಸೇರಿಸಿ ಬಡಿಯಿತು.

"ಒಂದು ಪ್ರತಿ..." ಎಂದಳು.

"ಅಧ್ಯಕ್ಷರು ಬಿಚ್ಚೋ ತನಕ ಒಂದೂ ಆಚೆ ಬರೋ ಹಾಗಿಲ್ಲ. ದೊಡ್ಡಮ್ಮನ ಆರ್ಡರ್" ಎಂದವನು ಅವಳ ಮುಖ ನೋಡಿ ನಕ್ಕ. "ನೀವು ಮಾನ್ಯಾ ಅಲ್ವಾ? ಹದಿನೈದನೇ ಪುಟದೋರು."

ಮಾನ್ಯಾ ಗೊತ್ತಿದ್ದವಳ ಹಾಗೆ ಮುಗುಳ್ನಕ್ಕಳು. ಮೇಡಂ ತನ್ನ ಬಗ್ಗೆ ಬರೆದಿದ್ದಾರೆ. ಇನ್ನೊಂದು ಪುಟ, ಒಂದೇ ಒಂದು ಪುಟ ಓದಿದ್ದರೆ ಸಿಗುತ್ತಿತ್ತು. ಎರಡು ತಿಂಗಳಲ್ಲಿ ಒಂದು ಪುಟ.

ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರ್ ರಾಮಚಂದ್ರ ರಾಯರು. ಅವರು ಪುಸ್ತಕ ಬಿಚ್ಚಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡು, ತಮ್ಮ ಸರ್ವೀಸಿನ ಕುರಿತು ಮೂವತ್ತೈದು ನಿಮಿಷ ಮಾತಾಡಿದರು. ಆಮೇಲೆ ಕೃಷ್ಣಪ್ರಸಾದ್ ಮೈಕಿನಲ್ಲಿ, "ಈಗ ಓದುಗರ ಪರವಾಗಿ ಕುಮಾರಿ ಮಾನ್ಯಾ" ಎಂದ.

ಮಾನ್ಯಾ ಎದ್ದಳು. ಮುಂದಿನ ಸಾಲಿನಲ್ಲಿ ನಾಗರತ್ನ ಮೇಡಂ ಕೈಕಟ್ಟಿ ಕೂತು ಅವಳನ್ನೇ ನೋಡುತ್ತಿದ್ದರು, ಹಿಂದೆ ಹಾಜರಿ ಕೂಗಿ ಉತ್ತರಕ್ಕೆ ಕಾಯುತ್ತಿದ್ದ ಹಾಗೆ. 'ಓದಿದ್ದಷ್ಟೇ ಹೇಳು' ಅಂದಿತ್ತು ರಸಬಾಳೆ. ಮುತ್ತಜ್ಜನ ತಮ್ಮಂದಿರ ಹೆಸರುಗಳೂ ಈಗ ನೆನಪಿಗೆ ಬರಲಿಲ್ಲ. ಕೈ ತಾನಾಗಿ ಬ್ಯಾಗಿಗೆ ಹೋಗಿ ದಿನಚರಿ ತೆಗೆಯಿತು. ಕಣ್ಣಿಗೆ ಬಿದ್ದ ಪುಟವನ್ನು ಓದತೊಡಗಿದಳು.

"ಇದನ್ನು ಕೈಗೆತ್ತಿಕೊಂಡ ಮೇಲೆ ಕೆಳಗಿಡಲು ಆಗಲಿಲ್ಲ. ಊಟ ಮಾಡುವಾಗಲೂ ಅಮ್ಮನಿಗೆ ಕಾಣದಂತೆ ತಟ್ಟೆಯ ಮರೆಯಲ್ಲಿ ಇಟ್ಟುಕೊಂಡಿದ್ದೆ. ಒಬ್ಬಳೇ ಹುಡುಗಿ ಹೊರಡುತ್ತಾಳೆ. ಪ್ರತಿ ಸಲ ಮುಳುಗುತ್ತಾಳೆ, ಪ್ರತಿ ಸಲ ಅದೇ ದಡದಲ್ಲಿ ಎದ್ದು ನಿಲ್ಲುತ್ತಾಳೆ. ಯಾಕೆ ಮುಳುಗಿದೆ ಅಂತ ಯಾರೂ ಅವಳನ್ನು ಕೇಳುವುದಿಲ್ಲ. ಅದು ನನಗೆ ತುಂಬ ಇಷ್ಟವಾಯಿತು."

ಸಭೆಯಲ್ಲಿ ಯಾರೋ ಹೆಂಗಸು ಸೆರಗಿನಿಂದ ಕಣ್ಣೊರೆಸಿದಳು. ಮಾನ್ಯಾಳಿಗೆ ಜೀವ ಬಂತು. ಬಂದ ಜೀವದ ಹುಮ್ಮಸ್ಸಿನಲ್ಲಿ ಮುಂದಿನ ಸಾಲೂ ಬಾಯಿಂದ ಜಾರಿತು.

"ನಲವತ್ತೊಂದರಲ್ಲಿ ಮೊಸಳೆ ಬರುತ್ತದೆ."

ಬಸ್ಸಿನ ಚಿತ್ರವಿದ್ದ ಬ್ಯಾನರನ್ನು ಸಭೆ ಒಮ್ಮೆ ನೋಡಿತು, ಮಾನ್ಯಾಳನ್ನು ಒಮ್ಮೆ ನೋಡಿತು. ವೆಂಕಟಲಕ್ಷ್ಮಿ ಒಬ್ಬರೇ ಜೋರಾಗಿ ಚಪ್ಪಾಳೆ ತಟ್ಟಿದರು. ಒಬ್ಬರು ತಟ್ಟಿದ ಮೇಲೆ ಮಿಕ್ಕವರಿಗೆ ಸುಮ್ಮನಿರಲು ಸಂಕೋಚವಾಯಿತು. ಇಡೀ ಭವನ ತಟ್ಟಿತು. ಮಾನ್ಯಾ ನಮಸ್ಕಾರ ಮಾಡಿ ಇಳಿದುಬಿಟ್ಟಳು.

ರಾಯರು ಮತ್ತೆ ಮೈಕು ಹಿಡಿದರು. "ಆ ಮೊಸಳೆಯ ಪ್ರಸಂಗ ಓದುವಾಗ ನನಗೂ ಗಂಟಲು ಕಟ್ಟಿತು. ನಲವತ್ತೊಂದು ಎಂದರೆ ಮೇಡಂ ಅವರ ನಲವತ್ತೊಂದನೇ ವಯಸ್ಸು. ಆಗ ಅವರಿಗೆ ವರ್ಗಾವಣೆ ಬಂದಿತ್ತು. ಅದೇ ಮೊಸಳೆ. ಎಂಥಾ ಸಂಕೇತ, ಎಂಥಾ ಓದು. ಮುಂದಿನ ಭಾನುವಾರ ತಿರುಮಕೂಡಲಿನಲ್ಲೂ ಒಂದು ಸಭೆ ಇಟ್ಟಿದ್ದೇವೆ. ಅಲ್ಲಿ ಈ ಮಗು ಐದು ನಿಮಿಷ ಅಲ್ಲ, ಒಂದು ಗಂಟೆ ಮಾತಾಡಬೇಕು."

ಉಪ್ಪಿಟ್ಟು, ಕೇಸರಿಬಾತಿನ ಗದ್ದಲ ಶುರುವಾಯಿತು. ಮಾನ್ಯಾ ಬಿಚ್ಚಿದ ಒಂದು ಪ್ರತಿ ಹಿಡಿದು ಕಂಬದ ಮರೆಗೆ ಹೋಗಿ ಹದಿನೈದನೇ ಪುಟ ತೆಗೆದಳು. ಅಜ್ಜಿಯ ಮದುವೆ ಎರಡೇ ಸಾಲಿನಲ್ಲಿ ಮುಗಿದಿತ್ತು. ಅದರ ಕೆಳಗೆ ಹೊಸ ಅಧ್ಯಾಯ:

"ಸೋಸಲೆಯಲ್ಲಿ ನನಗೊಬ್ಬಳು ವಿದ್ಯಾರ್ಥಿನಿ ಇದ್ದಳು, ಮಾನ್ಯಾ. ಕೊನೆ ಬೆಂಚು. ಮಾತೇ ಆಡುತ್ತಿರಲಿಲ್ಲ. ಆಡಿದರೆ ಸುಳ್ಳು ಆಡುತ್ತಿರಲಿಲ್ಲ. ಈ ಪುಸ್ತಕ ಬರೆಯುವಾಗ ಪ್ರತಿ ಪುಟಕ್ಕೂ ಅವಳು ಏನನ್ನುತ್ತಾಳೋ ಎಂದು ಹೆದರಿಕೊಂಡೇ ಬರೆದಿದ್ದೇನೆ."

ಅಕ್ಷರಗಳು ನೀರಿನೊಳಗಿಂದ ಕಂಡ ಹಾಗೆ ಅಲುಗಿದವು. ಅಷ್ಟರಲ್ಲಿ ಕೃಷ್ಣಪ್ರಸಾದ್ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ. ನಗು ತಡೆಯಲು ಕೇಸರಿಬಾತು ಬಾಯಿಗೆ ತುಂಬಿಕೊಂಡಿದ್ದ.

"ಆ ಮೊಸಳೆ ನಂಗೂ ಗೊತ್ತು ಕಣ್ರೀ" ಎಂದ, ನುಂಗಿದ ಮೇಲೆ. "ಹರಿಗೋಲು ಆಟದ್ದಲ್ವಾ?"

ಮಾನ್ಯಾ ಜೀವಮಾನದ ಧೈರ್ಯವನ್ನೆಲ್ಲ ಒಟ್ಟುಮಾಡಿ ಕೇಳಿದಳು. "ನೀವು... ರಸಬಾಳೆನಾ?"

"ನಾನಾ? ನಂಗೆಲ್ಲಿ ಪುರ್ಸೊತ್ತು. ರಸಬಾಳೆ ನಮ್ಮ ದೊಡ್ಡಮ್ಮ." ಅವನು ಚಮಚದಿಂದ ಮುಂದಿನ ಸಾಲಿನ ಕಡೆ ತೋರಿಸಿದ. "ರಿಟೈರಾದ್ಮೇಲೆ ಏಳೂವರೆ ಬಸ್ಸಿಲ್ಲ, ಆದ್ರೂ ನಾಲ್ಕೂವರೆಗೇ ಎಚ್ಚರ ಆಗ್ಬಿಡತ್ತೆ ಅವ್ರಿಗೆ. ಯಾವ್ದೋ ಮಗು ಜೀವ ಇಲ್ದೆ ಕೂತಿರತ್ತೆ ಅಂತ ಐದಕ್ಕೆ ಎರಡು ಜೀವ ಕಳ್ಸಿ, ಆಮೇಲೇ ಕಾಫಿ. ಯಾಕೋ ಇವತ್ತು ಕಾಫೀನೂ ಕುಡೀಲಿಲ್ಲ."

ಹತ್ತು ನಿಮಿಷದ ಆ ಮೌನ ಮಾನ್ಯಾಳಿಗೆ ಈಗ ಕೇಳಿಸಿತು. ನಾಲ್ಕೂವರೆಗೆ ಎದ್ದು, ತಮ್ಮ ಪುಸ್ತಕ ಬಿಡುಗಡೆಯ ದಿನ, ಹದಿನಾಲ್ಕನೇ ಪುಟಕ್ಕೇ ನಿದ್ದೆ ಬಂತು ಅನ್ನುವುದನ್ನು ಓದಿ, ಹತ್ತು ನಿಮಿಷ ಕತ್ತಲಲ್ಲಿ ಕೂತವರು ಆಮೇಲೂ ಬೈಯಲಿಲ್ಲ. ದಾರಿ ತೋರಿಸಿದರು. ಬೇರೆ ದಾರಿ ಹಿಡಿದವಳು ತಾನು.

ಓಡಿಹೋಗೋಣವೆಂದರೆ ಬಾಗಿಲಲ್ಲಿ ವೆಂಕಟಲಕ್ಷ್ಮಿ ನಿಂತಿದ್ದರು. ಕೈಹಿಡಿದು ಎಳೆದುಕೊಂಡು ಹೋಗಿ ಮೇಡಂ ಮುಂದೆಯೇ ನಿಲ್ಲಿಸಿದರು. "ನೋಡಿ ನಿಮ್ಮ ಶಿಷ್ಯೆ. ಎರಡು ಸಲ ಓದಿದಾಳೆ, ಬಾಯಿಪಾಠ." ರಾಯರೂ ಅಲ್ಲೇ ಇದ್ದರು, ಡೈರಿ ತೆಗೆದು ಮುಂದಿನ ಭಾನುವಾರದ ಪುಟ ಹುಡುಕುತ್ತಿದ್ದರು.

ಮೇಡಂ ಕೋಪಿಸಿಕೊಂಡಿರಲಿಲ್ಲ. ಕೋಪಿಸಿಕೊಂಡಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

"ಚೆನ್ನಾಗಿತ್ತಮ್ಮ" ಎಂದರು. "ಮೊಸಳೆ ನಾನು ಬರೆದಿದ್ದಲ್ಲ. ಆದ್ರೂ ಚೆನ್ನಾಗಿತ್ತು." ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, ಇನ್ನೂ ಮೆಲ್ಲಗೆ, ಅವಳಿಗಷ್ಟೇ ಕೇಳುವಂತೆ: "ನಾಳೆ ಐದಕ್ಕೆ ಕಳಿಸ್ಲಾ, ಬೇಡ್ವಾ?"

ರಾಯರು ಪೆನ್ನು ಬಿಚ್ಚಿದರು. "ಹಾಗಾದ್ರೆ ಬರ್ಕೊಳ್ಲೇನಮ್ಮ? ಒಂದು ಗಂಟೆ?"

ಮಾನ್ಯಾ ಬಾಯಿ ತೆರೆದಳು. ಹಾಜರಿ ಕೂಗಿದಾಗಲೂ ಬಾರದಿದ್ದ ದನಿ, ಉಪ್ಪಿಟ್ಟಿನ ಸಾಲು ತಿರುಗಿ ನೋಡುವಷ್ಟು ಜೋರಾಗಿ, ಹೊರಗೆ ಬಂತು.

"ಮೇಡಂ, ನಾನು ಓದಿರೋದು ಹದಿನಾಲ್ಕು ಪುಟ. ಅಷ್ಟೇ."