ಮನೆಮಂದಿಗೆಲ್ಲಾ ನೂರೈವತ್ತು

ಬೋರ್ಡಿನಲ್ಲಿ ಆ ಕೊನೆಯ ಸಾಲು ಬರೆಯದೇ ಇದ್ದಿದ್ದರೆ ಡಿಸ್ಕ್ ಮಾಮನಿಗೆ ಆ ಪಜೀತಿಯೇ ಬರುತ್ತಿರಲಿಲ್ಲ. ಬರೆದ. ಬರೆಸಿದವರು ಮೇಷ್ಟ್ರು.

ಸಿನಿಮಾ, ವಿಡಿಯೋ ಗೇಮ್ ಡಿಸ್ಕುಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಅವನದು. ವ್ಯಾಪಾರ ನೆಲಕಚ್ಚಿ ವರ್ಷವಾಗಿತ್ತು. ಬೇರೆ ಊರಿನ ಅಕ್ಕ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಭಾನುವಾರ ಸಂಜೆಯೊಳಗೆ ಹತ್ತು ಮನೆ ಚಂದಾ ಕಟ್ಟಿದ್ರೆ ಸರಿ. ಇಲ್ಲಾಂದ್ರೆ ಬೀಗ ಹಾಕಿ ಬಾ. ನಿಮ್ಮ ಭಾವನ ಟೈರ್ ಗೋಡೌನಿನಲ್ಲಿ ಕೆಲಸ ಇದೆ."

ಒಂಟಿ ಜೀವ, ಅಂಗಡಿಯ ಮೇಲೊಂದು ಕೋಣೆ, ಹೊರಡೋಕೇನು ಕಷ್ಟ ಅಂತ ಅಕ್ಕನ ಲೆಕ್ಕ. ಆದರೆ ಸಂಜೆಯಾದರೆ ಬೀದಿಯ ಮಕ್ಕಳೆಲ್ಲ ಕೌಂಟರಿಗೆ ನೇತುಬಿದ್ದು "ಮಾಮಾ, ಮಾಮಾ" ಅನ್ನುತ್ತಿದ್ದವಲ್ಲ, ಅದಿಲ್ಲದ ಊರನ್ನು ನೆನೆಸಿಕೊಂಡರೇ ಅವನಿಗೆ ಸಂಕಟ.

ಹಾಗಾಗಿ ಭಾನುವಾರ ಬೆಳಿಗ್ಗೆ ಎದ್ದವನೇ ಸ್ಟೂಲು ಹತ್ತಿ ಬೋರ್ಡು ಬರೆದ. ಒಬ್ಬರಿಗೆ ತಿಂಗಳಿಗೆ ಅರವತ್ತು. ಇಬ್ಬರಿಗೆ ನೂರು. ಒಂದು ಚಂದಾಕ್ಕೆ ದಿನಕ್ಕೊಂದು ಡಿಸ್ಕು.

ಲೆಕ್ಕ ಕಲಿಸಿ ಕಲಿಸಿ ನಿವೃತ್ತರಾಗಿದ್ದ ಪಕ್ಕದ ಮನೆಯ ಮೇಷ್ಟ್ರು ಕೆಳಗೆ ನಿಂತು ಓದಿದರು. "ಏನಯ್ಯಾ ಇದು, ಬಸ್ ಟಿಕೆಟ್ಟಾ? ಸಿನಿಮಾ ಒಬ್ಬೊಬ್ಬರೇ ನೋಡ್ತಾರಾ? ಮನೆಮಂದಿಗೆಲ್ಲಾ ನೂರೈವತ್ತು, ಎಷ್ಟೇ ಜನ ಇದ್ರೂ ಸರಿ ಅಂತ ಬರಿ. ಜನ ಮುಗಿಬೀಳ್ತಾರೆ ನೋಡು."

ಮಾಮ ಬರೆದ. ಯಾರು ಗಟ್ಟಿಯಾಗಿ ಹೇಳಿದರೂ ಹೂಂ ಅಂದುಬಿಡುವ ಪ್ರಾಣಿ ಅದು.

ಎದುರಿನ ಟೈಲರಮ್ಮ ಕತ್ತಿನಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಬಂದಳು. "ಬರ್ಕೋಪ್ಪಾ. ನಾನು, ಮಗಳು, ನಮ್ಮತ್ತೆ. ಆಮೇಲೆ ಮೂಲೆಮನೆ ಅಜ್ಜಿ."

"ಅವರದು ಬೇರೆ ಮನೆಯಲ್ವಾ ಅಕ್ಕಾ?"

"ಬೇರೆ ಮನೆ ಏನ್ ಬಂತು? ನನ್ನ ಮಗಳನ್ನ ಎತ್ತಿ ಆಡಿಸಿದ್ದೇ ಅವರು. 'ನೀವು ಇವಳಿಗೆ ಅಜ್ಜಿ ಅಲ್ಲ' ಅಂತ ಅವರ ಮುಖ ನೋಡಿ ಹೇಳ್ತೀಯಾ?"

ಅದು ಮಾಮನ ಕೈಲಾಗುವ ಕೆಲಸವಲ್ಲ. ಬರೆದುಕೊಂಡ.

ಅಜ್ಜಿಯ ಹಿಂದೆಯೇ ಅವರನ್ನು ದೊಡ್ಡಮ್ಮ ಅನ್ನುವ ಸೈಕಲ್ ರಿಪೇರಿಯವನು ಹೆಂಡತಿ ಮಕ್ಕಳ ಸಮೇತ ಬಂದ. ಅವನನ್ನು ಭಾವ ಅನ್ನುವ ಬೇಕರಿಯವನ ಸಂಸಾರವೂ ಬಂತು. ಬೆಳಿಗ್ಗೆ ತಾನೇ ಕಸದ ಬುಟ್ಟಿಗಾಗಿ ಕಿತ್ತಾಡಿದ್ದ ಮೇಷ್ಟ್ರು ಮತ್ತು ಟೈಲರಮ್ಮ ಮಧ್ಯಾಹ್ನದ ಹೊತ್ತಿಗೆ ಅಣ್ಣ ತಂಗಿ ಆಗಿಬಿಟ್ಟಿದ್ದರು.

"ಅಯ್ಯೋ, ಇದು ಮನೆಯಲ್ಲ, ಇಡೀ ಬೀದಿ!" ಅಂತ ಮಾಮ ತಲೆ ಮೇಲೆ ಕೈಹೊತ್ತ.

"ಬೋರ್ಡು ಓದಯ್ಯಾ," ಅಂದರು ಮೇಷ್ಟ್ರು.

ಸಂಜೆಗೆ ಪಟ್ಟಿಯಲ್ಲಿ ಇಪ್ಪತ್ತೊಂಬತ್ತು ಜನ, ಚಂದಾ ಒಂದೇ ಒಂದು. ಮಾಮ ಮೇಲೆ ಹೋಗಿ ಸೂಟ್‌ಕೇಸ್ ತಂದು ಕೌಂಟರಿನ ಪಕ್ಕ ಇಟ್ಟ. ಕಣ್ಣು ತುಂಬಿ ಬಂತು. ಯಾರೂ ಗಮನಿಸಲಿಲ್ಲ, ಎಲ್ಲರೂ ಮೇಷ್ಟ್ರ ಸುತ್ತ ನಿಂತು ಪಾಲು ಹಾಕುವುದರಲ್ಲಿ ಮುಳುಗಿದ್ದರು.

"ತಲೆಗೆ ಐದರಂತೆ ಹಾಕಿದ್ರೆ ಐದು ಕಮ್ಮಿ ಬೀಳುತ್ತೆ," ಅಂತ ಮೇಷ್ಟ್ರು ಹುಬ್ಬು ಗಂಟಿಕ್ಕಿದರು. "ಇನ್ನೊಬ್ಬರು ಬೇಕು."

ಟೈಲರಮ್ಮನ ಮಗಳು ಬೆರಳು ತೋರಿಸಿದಳು. "ಮಾಮ ಇದಾರಲ್ಲ!"

ಎಲ್ಲರೂ ತಿರುಗಿ ನೋಡಿದರು. "ನಾನಾ? ನಾನು ಹೇಗೆ..." ಅಂತ ಮಾಮ ತಡವರಿಸಿದ.

"ಮಕ್ಕಳಿಗೆಲ್ಲ ಮಾಮ ಅಂದ್ಮೇಲೆ ನಮಗೆಲ್ಲ ತಮ್ಮ ಅಲ್ವೇನೋ?" ಟೈಲರಮ್ಮ ಗದರಿದಳು. "ಇಷ್ಟು ವರ್ಷ ಏನಂದ್ಕೊಂಡಿದ್ದೆ ಮತ್ತೆ?"

ಮೇಷ್ಟ್ರು ಮೂವತ್ತನೆಯ ಸಾಲು ಬರೆದು ಕೈ ಚಾಚಿದರು. "ತೆಗಿ ಐದು."

ತನ್ನ ಅಂಗಡಿಯ ಚಂದಾಕ್ಕೆ ತಾನೇ ಜೇಬಿನಿಂದ ಕೊಟ್ಟ, ಪುಣ್ಯಾತ್ಮ! ಅಷ್ಟರಲ್ಲಿ ಅಕ್ಕನ ಫೋನು.

"ಎಷ್ಟು ಮನೆ ಆಯ್ತೋ?"

"ಒಂದೇ, ಅಕ್ಕಾ."

"ಮತ್ತೇನು ನೋಡ್ತಿದೀಯ? ಏಳು ಗಂಟೆ ಬಸ್ಸಿಗೆ ಹೊರಡು."

"ಹೊರಡೋಕಾಗಲ್ಲ, ಅಕ್ಕಾ. ಆ ಮನೇಲಿ ನಾನೂ ಇದೀನಿ."

ಅಕ್ಕ ಬೈದದ್ದು ಬೀದಿಗೆಲ್ಲ ಕೇಳಿಸಿತು. ಮಾಮನಿಗೆ ಮಾತ್ರ ಏನೂ ಕೇಳಿಸಲಿಲ್ಲ. ಫೋನಿಟ್ಟು, ಈ ಖುಷಿಗೆ ಇವತ್ತೊಂದು ಒಳ್ಳೆ ಸಿನಿಮಾ ನೋಡೋಣ ಅಂತ ತನ್ನದೇ ಕಪಾಟಿಗೆ ಕೈಹಾಕಿದ.

ಮೇಷ್ಟ್ರು ಕೈಮೇಲೆ ಪಟ್ಟಂತ ಹೊಡೆದರು. "ದಿನಕ್ಕೊಂದೇ ಡಿಸ್ಕು ಅಂತ ಬರೆದೋನು ನೀನೇ ತಾನೇ? ಆರಿಸೋದು ಸರದಿ ಪ್ರಕಾರ. ನಿನ್ನದು ಮೂವತ್ತನೇ ದಿನ. ಇವತ್ತು ಅಜ್ಜಿದು, ಕಾರ್ ರೇಸ್ ಗೇಮ್ ತಗೊಂಡಿದ್ದಾರೆ. ನಡಿ, ಟೈಲರಮ್ಮನ ಮನೇಲಿ. ಆ ಸ್ಟೂಲೂ ತಗೊಂಡು ಬಾ, ಕೂರೋಕೆ ಜಾಗ ಸಾಲಲ್ಲ."

ಮಾಮ ಸೂಟ್‌ಕೇಸನ್ನು ಕಾಲಿನಿಂದ ಕೌಂಟರಿನ ಕೆಳಗೆ ತಳ್ಳಿ, ಸ್ಟೂಲು ಎತ್ತಿಕೊಂಡು ಅವರ ಹಿಂದೆ ಹೊರಟ.